ಮೂರು ಗಂಟಿನ ದಾರ

ಬಡವನಹಳ್ಳಿಯ ಪರ್ವತಯ್ಯನವರು ಆ ಮಂಗಳವಾರ ಶಿರಾ ಬಸ್ಸು ಹತ್ತಿ ಕೂತ ಮೇಲೆ ಮಾಡಿದ ಮೊದಲ ಕೆಲಸವೆಂದರೆ ಹಣೆಯ ವಿಭೂತಿ ಅಳಿಸಿಕೊಂಡದ್ದು. ಐವತ್ತೆರಡು ವರ್ಷದ ಮನುಷ್ಯ, ವೀರಭದ್ರ ದೇವರ ಪೂಜೆ ಮಾಡುವ ಅಯ್ಯನವರ ಮನೆತನ. ಜ್ವರ ಬಂದು ಕಂಬಳಿ ಹೊದ್ದು ಮಲಗಿದ ದಿನವೂ ಬರಿ ಹಣೆಯಲ್ಲಿ ಇದ್ದವರಲ್ಲ. ಅಂಥವರು ಬೆವರು ಒರೆಸಿಕೊಳ್ಳುವವರ ಹಾಗೆ ಟವೆಲ್ ತೆಗೆದು, ಕಿಟಕಿಯ ಕಡೆ ಮುಖ ತಿರುಗಿಸಿ, ಮೂರು ಪಟ್ಟೆಯನ್ನೂ ಉಜ್ಜಿ ಉಜ್ಜಿ ತೆಗೆದರು. ಪಕ್ಕದಲ್ಲಿದ್ದ ಮಗಳು ಲೋಹಿತಾ ಅದನ್ನು ನೋಡಿದಳು, ನೋಡಿ ತಲೆ ತಗ್ಗಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಇವರನ್ನು ಇನ್ನೂ ಯಾರೂ ಕಳ್ಳ ಅಂದೇ ಇರಲಿಲ್ಲ.

ಹೊರಟಿದ್ದದ್ದು ಆಸ್ಪತ್ರೆಗೆ. ಹದಿನೇಳು ವರ್ಷದ ಮಗಳನ್ನು ಅಪ್ಪ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ತಪ್ಪೇ? ಅಲ್ಲವೇ ಅಲ್ಲ. ಆದರೆ ಮಧುಗಿರಿ ಅರ್ಧ ಗಂಟೆಯ ದಾರಿ, ಶಿರಾ ಅದರ ಎರಡರಷ್ಟು. ಹತ್ತಿರದ್ದನ್ನು ಬಿಟ್ಟು ದೂರದ್ದಕ್ಕೆ ಯಾಕೆ ಹೊರಟರು ಎಂದು ತಿಳಿಯಬೇಕಾದರೆ ಅವರ ದಾರದ ಕಥೆ ಹೇಳಬೇಕು.

ಅವರ ಮನೆಯಲ್ಲಿ ತಾತನ ಕಾಲದಿಂದ ಸೋಮವಾರ ಸೋಮವಾರ ದಾರ ಮಂತ್ರಿಸಿ ಕಟ್ಟುತ್ತಾರೆ. ಮಗು ಬೆಚ್ಚಿ ಬೀಳುತ್ತದೆ, ದೃಷ್ಟಿಯಾಗಿದೆ, ಹಾಲು ಕುಡಿಯುತ್ತಿಲ್ಲ ಎಂದು ಸುತ್ತಲಿನ ಹಳ್ಳಿಗಳವರು ಬರುತ್ತಾರೆ. ಈಚೆಗೆ ಬರುವವರ ವಯಸ್ಸು ಏರಿತ್ತು. ಕಂಕುಳ ಕೂಸುಗಳ ಹಿಂದೆ ಮೀಸೆ ಚಿಗುರಿದ ಹುಡುಗರು, ಕಾಲೇಜಿನ ಹುಡುಗಿಯರು. ಊಟ ಬಿಟ್ಟವ್ನೆ, ಬಾಗ್ಲು ಹಾಕ್ಕಂಡು ಕೂರ್ತಾಳೆ, ಬ್ಲೇಡಲ್ಲಿ ಕೈ ಕುಯ್ಕಂಡವ್ನೆ, ಗಾಳಿಯೋ ಏನೋ ನೋಡಿ ಅಯ್ನೋರೇ. ಪರ್ವತಯ್ಯ ದಾರ ಕಟ್ಟುತ್ತಿದ್ದರು. ಕೆಲವರಿಗೆ ಗುಣವಾಗುತ್ತಿತ್ತು. ಆಗದವರು ಮತ್ತೆ ಬರುತ್ತಿರಲಿಲ್ಲ, ಅವರ ವಿಚಾರವನ್ನು ಅಯ್ಯನವರೂ ಕೇಳುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಚೇತನ್ ಕುಮಾರ್ ಎಂಬ ಹುಡುಗ ಬೈಕಿನಲ್ಲಿ ಬಂದ. ಕೊರಟಗೆರೆಯವನು. ಮಧುಗಿರಿಯ ಆಸ್ಪತ್ರೆಯಲ್ಲಿ ಪ್ರತಿ ಮಂಗಳವಾರ ಹದಿಹರೆಯದ ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಕೂರಿಸಿಕೊಂಡು ಮಾತಾಡುವುದು, ಬೇಕಾದವರನ್ನು ಡಾಕ್ಟರ ಹತ್ತಿರ ಕಳಿಸುವುದು ಅವನ ಕೆಲಸ. ಆಪ್ತ ಸಮಾಲೋಚಕ ಅನ್ನುತ್ತಾರೆ. ದಾರ ಕಟ್ಟುವುದು ಮೂಢನಂಬಿಕೆ ಎಂದು ಜಗಳಕ್ಕೇ ಬಂದ ಅಂದುಕೊಂಡು ಅಯ್ಯನವರು ಸೆಟೆದು ಕೂತರು. ಅವನೋ ಜಗಲಿಯ ತುದಿಯಲ್ಲಿ ಕೂತು ಕೈಮುಗಿದ.

“ಅಯ್ನೋರೇ, ನನ್ನ ಹತ್ರ ಕೋಣೆ ಇದೆ, ಡಾಕ್ಟ್ರಿದಾರೆ, ಔಷಧಿ ಇದೆ. ಬರೋ ಜನ ಇಲ್ಲ. ಹುಚ್ಚಾಸ್ಪತ್ರೆಗೆ ಹೋದ ಅಂತಾರೆ ಅಂತ ಎಲ್ರಿಗೂ ನಾಚ್ಕೆ. ನಿಮ್ಮ ಹತ್ರ ಜನ ಇದಾರೆ. ನೀವು ದಾರ ಕಟ್ಟಿ, ಬೇಡ ಅನ್ನಲ್ಲ. ಕಟ್ಟಿ ನನ್ನ ಹತ್ರ ಕಳ್ಸಿ, ಅಷ್ಟೇ.”

ಪರ್ವತಯ್ಯ ಒಂದು ವಾರ ತಲೆ ಕೆರೆದುಕೊಂಡು ಒಂದು ಉಪಾಯ ಕಂಡುಹಿಡಿದರು. ದಾರಕ್ಕೆ ಇನ್ನು ಮೇಲೆ ಮೂರು ಗಂಟು. ಗಂಟು ಹಾಕುವಾಗ ದಾರದ ಒಂದು ತುದಿಯನ್ನು ಮನೆಯ ಹಿರಿಯರು ಹಿಡಿದಿರಬೇಕು, ಹಿಡಿದವರೇ ಮಗುವಿನ ಜೊತೆ ಮಂಗಳವಾರ ಆಸ್ಪತ್ರೆಗೆ ಹೋಗಬೇಕು. ಹೋಗಿ ಬಂದು ಅಲ್ಲಿಯ ಹಳದಿ ಚೀಟಿ ತೋರಿಸಿದರೆ ಮುಂದಿನ ಸೋಮವಾರ ಒಂದು ಗಂಟು ಬಿಚ್ಚುತ್ತಾರೆ. ಮೂರು ಸಲ ಹೋದರೆ ಮೂರೂ ಬಿಚ್ಚಿದಂತೆ. ಬಿಚ್ಚದ ಗಂಟು ಮೈಮೇಲೆ ಉಳಿದರೆ ಮನೆಗೆ ಒಳ್ಳೆಯದಲ್ಲ ಎಂದು ಕಣ್ಣು ದೊಡ್ಡದು ಮಾಡಿ ಹೇಳುತ್ತಿದ್ದರು. ಅದು ಯಾವ ಶಾಸ್ತ್ರದಲ್ಲಿತ್ತೋ ಆ ಶಿವನೇ ಬಲ್ಲ.

ಜನ ಹೋದರು ಮಾರಾಯರೇ! ಎಲ್ಲಿಗಮ್ಮ ಹೊರಟೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಕೇಳಿದರೆ “ಅಯ್ನೋರ ಗಂಟಿಗೆ” ಅಂದರಾಯಿತು. ಆಸ್ಪತ್ರೆಯ ಮಾತೇ ಎತ್ತಬೇಕಾಗಿರಲಿಲ್ಲ. ಈ ಕಡೆಯವರು ಮಧುಗಿರಿಗೆ, ಹುಲಿಕುಂಟೆ ಮದಲೂರಿನ ಕಡೆಯವರು ಶಿರಾಕ್ಕೆ. ಅಲ್ಲೂ ಮಂಗಳವಾರ ಅಂಥದೇ ಒಂದು ಕೋಣೆ ತೆರೆಯುತ್ತಿತ್ತು. ಎರಡು ವರ್ಷದಲ್ಲಿ ಎಪ್ಪತ್ತಕ್ಕೂ ಮೇಲೆ ಮಕ್ಕಳು ಹೋಗಿಬಂದರು. ಮಧುಗಿರಿಯಲ್ಲಿ ಶಾಲು ಹೊದಿಸಿ ಸನ್ಮಾನವೂ ಆಯಿತು, ಆ ಫೋಟೋ ಈಗಲೂ ನಡುಮನೆಯ ಗೋಡೆಯಲ್ಲಿದೆ. ಅವತ್ತು ಮೈಕಿನಲ್ಲಿ ಅವರಾಡಿದ ಮಾತು ಊರೂರಿಗೆ ಹಬ್ಬಿತ್ತು. “ಕಾಲು ಉಳುಕಿದ್ರೆ ಆಸ್ಪತ್ರೆಗೆ ಹೋಗಲ್ವೇನ್ರಪ್ಪಾ? ಮನ್ಸು ಉಳುಕಿದ್ರೆ ಹೋಗಕ್ಕೆ ಎಂಥ ನಾಚ್ಕೆ?”

ಆ ದಾರಗಳನ್ನು ಹೊಸೆಯುತ್ತಿದ್ದವಳು ಲೋಹಿತಾ. ಭಾನುವಾರ ಮಧ್ಯಾಹ್ನ ಐದೆಳೆ ಕರಿ ನೂಲನ್ನು ತೊಡೆಯ ಮೇಲೆ ಹೊಸೆದು, ಗೇಣುದ್ದ ಕತ್ತರಿಸಿ, ಹಿತ್ತಾಳೆ ತಟ್ಟೆಯಲ್ಲಿ ಸಾಲಾಗಿ ಇಡುತ್ತಿದ್ದಳು. ಮೂರು ಗಂಟಿನ ಉಪಾಯವನ್ನು ಅಪ್ಪ ಮೊದಲು ಹೇಳಿದ್ದೂ ಅವಳಿಗೇ. “ಅಪ್ಪಾಜಿ, ನೀವು ಶ್ಯಾನೆ ಕಿಲಾಡಿ ಬುಡಿ” ಎಂದು ಅವಳು ಬಿದ್ದು ಬಿದ್ದು ನಕ್ಕಿದ್ದಳು.

ಆಮೇಲೆ, ಕಳೆದ ಕಾರ್ತಿಕದಲ್ಲಿ, ಅವಳು ಅಪ್ಪನಿಗೆ ಮುದ್ದೆ ಬಡಿಸುವಾಗ ಚೂಡಿದಾರದ ತೋಳು ಮೇಲಕ್ಕೆ ಸರಿಯಿತು. ಎಡಗೈ ಮಣಿಕಟ್ಟಿನ ಮೇಲೆ ಕರಿ ದಾರವಿತ್ತು. ಮೂರು ಗಂಟು.

“ಇದೇನಮ್ಮ? ನೀನ್ಯಾಕೆ ಕಟ್ಕಂಡಿದ್ದೀಯ?”

“ಸುಮ್ನೆ, ಅಪ್ಪಾಜಿ. ಒಂದು ಉಳ್ದಿತ್ತು.”

ಉಳಿದ ದಾರವನ್ನು ಯಾರೂ ಸುಮ್ಮನೆ ಕಟ್ಟಿಕೊಳ್ಳುವುದಿಲ್ಲ, ಕಟ್ಟಿಕೊಂಡರೂ ಲೆಕ್ಕವಾಗಿ ಮೂರು ಗಂಟು ಹಾಕಿಕೊಳ್ಳುವುದಿಲ್ಲ. ಎಪ್ಪತ್ತು ಮಕ್ಕಳ ಮುಖ ನೋಡಿ ನಿದ್ದೆ ಹೋದದ್ದು ಯಾರಿಗೆ, ಹಸಿವು ಹೋದದ್ದು ಯಾರಿಗೆ ಎಂದು ಹೇಳುತ್ತಿದ್ದ ಮನುಷ್ಯನಿಗೆ ತನ್ನ ಮಗಳ ಕಣ್ಣಿನ ಕೆಳಗಿನ ಕಪ್ಪು ಕಾಣಲಿಲ್ಲವೇ? ಕಂಡಿತ್ತು. ಕೆನ್ನೆ ಬತ್ತಿದ್ದೂ ಕಂಡಿತ್ತು. ದಾರದ ಇನ್ನೊಂದು ತುದಿಯನ್ನು ಯಾರೂ ಹಿಡಿಯದೆ ಅವಳೊಬ್ಬಳೇ ಹಲ್ಲಿನಲ್ಲಿ ಕಚ್ಚಿ ಗಂಟು ಬಿಗಿದುಕೊಂಡಿದ್ದಾಳೆ ಎನ್ನುವುದೂ ಹೊಳೆದಿತ್ತು. ಅಪ್ಪ ನೋಡಲಿ, ನೋಡಿ ಬಾ ಹೋಗೋಣ ಅನ್ನಲಿ ಎಂದು ಮಗು ಕೈ ಮುಂದೆ ಚಾಚಿ ಬಡಿಸುತ್ತಿತ್ತು.

ಅವರು ಊಟದ ತಟ್ಟೆ ಪಕ್ಕಕ್ಕೆ ಸರಿಸಿ, ಎಲೆಅಡಿಕೆ ಚೀಲದಿಂದ ಅಡಕತ್ತರಿ ತೆಗೆದರು. “ಅಯ್ನೋರ ಮನೆ ಹುಡ್ಗಿ ಕೈಯಾಗೆ ಇದುನ್ನ ಕಂಡ್ರೆ ಜನ ಏನಂತಾರೆ? ತನ್ನ ಮನೆಗೇ ಆಗದ ದಾರ ಊರಿಗೆ ಕಟ್ತಾನೆ ಅನ್ನಲ್ವಾ?” ಅಂದು ಕಟಕ್ಕೆಂದು ಕತ್ತರಿಸಿದರು. ಗಂಟು ಹಾಕಿದ ದಾರವನ್ನು ಕಸಕ್ಕೆ ಹಾಕುವಂತಿಲ್ಲವಲ್ಲ, ಎಲೆಅಡಿಕೆ ಚೀಲಕ್ಕೇ ತುರುಕಿದರು. ಲೋಹಿತಾ ಸಾರು ಬಡಿಸಿ ಒಳಗೆ ಹೋದಳು. ಅಂದಿನಿಂದ ಅಡಿಕೆಗೆ ಕೈ ಹಾಕಿದಾಗಲೆಲ್ಲ ಆ ದಾರ ಬೆರಳಿಗೆ ತಾಗುತ್ತಿತ್ತು. ಪರ್ವತಯ್ಯ ಅದನ್ನು ಪಕ್ಕಕ್ಕೆ ತಳ್ಳಿ ಅಡಿಕೆ ತೆಗೆದುಕೊಳ್ಳುತ್ತಿದ್ದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ!

ಒಂದೂವರೆ ತಿಂಗಳಾದ ಮೇಲೆ ಮಧುಗಿರಿಯ ಕಾಲೇಜಿನಿಂದ ನಾಗರತ್ನಮ್ಮ ಮೇಡಂ ಫೋನ್ ಮಾಡಿದರು. ಲೋಹಿತಾ ಇಪ್ಪತ್ತಮೂರು ದಿನದಿಂದ ಕ್ಲಾಸಿಗೆ ಬಂದಿಲ್ಲ, ಮೈಗೆ ಹುಷಾರಿಲ್ಲವೇ? ದಿನಾ ಬೆಳಿಗ್ಗೆ ಎಂಟರ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಹೋಗುವ ಮಗಳು! ಸಂಜೆ ತಾಯಿ ಚನ್ನಮಲ್ಲಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು. ಮಗಳು ಗೋಡೆ ನೋಡುತ್ತ ಹೇಳಿದಳು.

“ಬಸ್ ಇಳಿದೇಟ್ಗೆ ಎದೆ ಹೊಡ್ಕಂತದೆ, ಅಮ್ಮ. ಉಸ್ರು ಸಿಕ್ಕಲ್ಲ. ಗೇಟು ದಾಟಿದ್ರೆ ಸತ್ತೋಗ್ತೀನೇನೋ ಅನ್ನಿಸ್ತದೆ. ಬಸ್‌ಸ್ಟ್ಯಾಂಡಾಗೆ ಕೂತಿದ್ದು ನಾಕು ಗಂಟೆ ಬಸ್ಸಿಗೆ ಬತ್ತೀನಿ.”

ಚನ್ನಮಲ್ಲಮ್ಮ ಗಂಡನ ಕಡೆ ತಿರುಗಿದರು. “ಏನ್ರೀ, ಮಂಗಳವಾರ ಬತ್ತಾ ಐತೆ. ಚೇತನ್ ತಾವ ಕರ್ಕಂಡೋಗಿ.”

“ಮಧುಗಿರಿ ಬ್ಯಾಡ” ಅಂದರು ಪರ್ವತಯ್ಯ. “ಆ ಬೆಂಚಿನ ಮ್ಯಾಲೆ ಕೂತಿರೋರೆಲ್ಲ ನಾನು ಕಳ್ಸಿದೋರೆ. ಅವ್ರ ಮುಂದೆ ನಾನು ಹೆಂಗೆ ಹೋಗಿ ಕೂರ್ಲಿ? ಸಿರಾಕ್ಕೆ ಹೋಗ್ತೀನಿ. ಅಲ್ಲಿ ಯಾರಿಗೆ ಗೊತ್ತಾಗ್ತದೆ.”

ಊರಿಗೆಲ್ಲ ನಾಚಿಕೆ ಬಿಡಿಸಿದ ದಾರ ಅವರ ನಾಚಿಕೆಗೆ ಆಗಿಬರಲಿಲ್ಲ. ಹೇಗೆ ಬಂದೀತು? ಉಪಾಯ ಹೆಣೆದವರೇ ಅವರಲ್ಲವೇ.

ಶಿರಾ ಆಸ್ಪತ್ರೆಯ ಕೌಂಟರಿನಲ್ಲಿ ಜನ ಹಿಂದಿನಿಂದ ನೂಕುತ್ತಿದ್ದರು. ಚೀಟಿ ಬರೆಯುವವರು ತಲೆ ಎತ್ತದೆ ಕೇಳಿದರು. “ಹೆಸ್ರು?”

ಲೋಹಿತಾ ಎಂದು ಬಾಯಿ ತೆರೆಯುವಷ್ಟರಲ್ಲಿ ಪರ್ವತಯ್ಯ ಅವಳ ಮೊಣಕೈ ಹಿಡಿದರು. ಸುಳ್ಳು ಹೆಸರನ್ನು ಬಸ್ಸಿನಲ್ಲೇ ಯೋಚಿಸಿಟ್ಟುಕೊಳ್ಳಬೇಕಿತ್ತು. ವಿಭೂತಿ ಅಳಿಸುವ ಭರದಲ್ಲಿ ಅದು ಮರೆತೇಹೋಗಿತ್ತು. ಸುಳ್ಳು ಹೇಳಿ ಅಭ್ಯಾಸವೂ ಇರಲಿಲ್ಲ. ಹಿಂದಿನ ದಿನ ಜಗಲಿಯ ಮೇಲೆ ಒಂದು ಹುಡುಗಿಯ ಎರಡನೇ ಗಂಟು ಬಿಚ್ಚಿದ್ದರು, ಆ ಹೆಸರೇ ಬಾಯಿಗೆ ಬಂತು.

“ಅಶ್ವಿನಿ. ತಂದೆ ಸಂಜೀವಯ್ಯ.”

ಲೋಹಿತಾ ಅಪ್ಪನ ಮುಖ ನೋಡಿದಳು. ಅವರು ಚೀಟಿ ಇಸಿದುಕೊಂಡು ಮುಂದೆ ನಡೆದರು. ಹೆತ್ತ ಮಗಳಿಗೆ ಬೇರೆ ಅಪ್ಪನನ್ನು ಹಚ್ಚಿ ಬಂದೆನಲ್ಲ ಎಂದು ಚುಚ್ಚುತ್ತಿತ್ತು. ಒಳಗೆ ಹೋಗಿ ಬಂದರೆ ಮುಗಿಯಿತು, ಆಮೇಲೆ ಯಾರು ಕೇಳುತ್ತಾರೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಕೋಣೆಯ ಬಾಗಿಲಲ್ಲಿ ನಿಂತಿದ್ದ ಸಹಾಯಕನ ಕೈಗೆ ಚೀಟಿ ಕೊಟ್ಟು ಬೆಂಚಿನ ಕಡೆ ತಿರುಗಿದರು.

“ಅಯ್ಯಯ್ಯೋ, ಅಯ್ನೋರು!”

ಬೆಂಚಿನಿಂದ ಎದ್ದು ಬಂದು ಕಾಲಿಗೆ ಬಿದ್ದವಳು ಹುಲಿಕುಂಟೆಯ ಲಕ್ಕಮ್ಮ. ಪಕ್ಕದಲ್ಲಿ ಅವಳ ಮೊಮ್ಮಗಳು ಅಶ್ವಿನಿ. ನಿಜವಾದ ಅಶ್ವಿನಿ, ನಿಜವಾದ ಸಂಜೀವಯ್ಯನ ಮಗಳು! ಸಂಜೀವಯ್ಯ ಲಾರಿ ಓಡಿಸುವವನು, ಊರಲ್ಲಿ ಇರುವುದೇ ಅಪರೂಪ. ತಾಯಿ ತೀರಿಕೊಂಡ ಮೇಲೆ ಊಟ ಮಾತು ಎರಡನ್ನೂ ಬಿಟ್ಟಿದ್ದ ಹುಡುಗಿಗೆ ದಾರದ ತುದಿ ಹಿಡಿದಿದ್ದವಳು ಈ ಅಜ್ಜಿ. ಹುಲಿಕುಂಟೆಯವರು ಬರುವುದು ಶಿರಾಕ್ಕೆ ಎನ್ನುವುದು ಪರ್ವತಯ್ಯನವರಿಗೆ ಗೊತ್ತಿಲ್ಲದ್ದೇ? ಅವರೇ ಕಳಿಸಿದ್ದು. ಬುದ್ಧಿಗೆ ಮಂಕು ಕವಿದಾಗ ಗೊತ್ತಿದ್ದದ್ದೂ ಒದಗುವುದಿಲ್ಲ ನೋಡಿ.

“ನೀವೇನು ಇಲ್ಲಿಗಂಟ ಬಂದ್ಬುಟ್ರಿ ಅಯ್ನೋರೇ? ಹಣೆ ಯಾಕೆ ಬರಿದು?”

“ಬೆವ್ರಿಗೆ ಅಳ್ಸೋಯ್ತು” ಅಂದರು. ಮುಂದಿನ ಮಾತು ತಾನಾಗಿಯೇ ಉದುರಿತು. “ನಿಮ್ಮನ್ನೆಲ್ಲ ಕಳ್ಸಿದೀನಲ್ಲ, ಹೆಂಗಿದೀರಿ ಅಂತ ನೋಡ್ಕಂಡೋಗಾನ ಅಂತ ಬಂದೆ ಕಣಮ್ಮ. ಮಗಳೂ ಬತ್ತೀನಿ ಅಂದ್ಳು, ಜತೆಗೆ ಕರ್ಕಂಬಂದೆ.”

ಲಕ್ಕಮ್ಮನ ಕಣ್ಣು ತುಂಬಿ ಬಂತು. “ಕೇಳ್ರಪ್ಪೋ, ನಮ್ಮನ್ನ ನೋಡಕ್ಕೆ ಅಂತ ಅಷ್ಟು ದೂರದಿಂದ ಬಂದವ್ರೆ! ಇವ್ರೇ ನೋಡಿ ಗಂಟಿನ ಅಯ್ನೋರು. ಇಂಥೋರು ಇದ್ದುದ್ಕೇ ಮಳೆ ಬೆಳೆ ಆಗೋದು” ಎಂದು ಬೆಂಚಿಗೆಲ್ಲ ಕೇಳುವ ಹಾಗೆ ಸಾರಿದಳು. ಮದಲೂರಿನವರಿಬ್ಬರು ಎದ್ದು ನಮಸ್ಕಾರ ಮಾಡಿದರು. ಯಾರೋ ಕುರ್ಚಿ ತಂದು ಹಾಕಿದರು. ಪರ್ವತಯ್ಯ ಕುರ್ಚಿಯಲ್ಲಿ ಕೂತರು, ಲೋಹಿತಾ ಗೋಡೆಗೆ ಒರಗಿ ನಿಂತಳು. ಅವಳ ಉಸಿರು ಆಗಲೇ ಸಣ್ಣಗೆ ಏರುತ್ತಿದ್ದದ್ದು ಅವರಿಗೆ ಕೇಳಿಸುತ್ತಿತ್ತು.

ಬಾಗಿಲಲ್ಲಿ ಸಹಾಯಕ ಕೂಗಿದ. “ಅಶ್ವಿನಿ, ತಂದೆ ಸಂಜೀವಯ್ಯ!”

ಲಕ್ಕಮ್ಮ ಮೊಮ್ಮಗಳನ್ನು ಕರೆದುಕೊಂಡು ಒಳಗೆ ಹೋದಳು. ಅದು ಅಜ್ಜಿ ಮೊಮ್ಮಗಳ ಸ್ವಂತ ಚೀಟಿ. ಮುಕ್ಕಾಲು ಗಂಟೆಯಾದ ಮೇಲೆ ಇಬ್ಬರೂ ನಗುತ್ತ ಹೊರಗೆ ಬಂದರು. ಅವರು ಚಪ್ಪಲಿ ಮೆಟ್ಟುವಷ್ಟರಲ್ಲಿ ಸಹಾಯಕ ಮತ್ತೆ ಕೂಗಿದ. “ಅಶ್ವಿನಿ, ತಂದೆ ಸಂಜೀವಯ್ಯ!”

“ಈಗಿನ್ನಾ ಹೋಗ್ಬಂದ್ವಲ್ಲಪ್ಪ” ಅಂದಳು ಲಕ್ಕಮ್ಮ.

“ಇನ್ನೊಂದು ಚೀಟಿ ಐತಮ್ಮ. ಅದೇ ಹೆಸ್ರು, ಅದೇ ತಂದೆ. ಯಾರ್ರೀ ಇದು?”

ಲೋಹಿತಾ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಇಟ್ಟಳು. ಪಾಪ, ಸುಳ್ಳು ಹೆಸರಿಗೂ ಓಗೊಡಲು ತಯಾರಾಗಿದ್ದಳು ಆ ಮಗಳು. ಅಪ್ಪ ಒಂದು ಸಲ ಕತ್ತು ಆಡಿಸಿದ್ದರೆ ಸಾಕಿತ್ತು. ಎಲ್ಲರೂ ಅಯ್ಯನವರ ಮುಖ ನೋಡುತ್ತಿದ್ದರು, ಬೇರೆ ಯಾವುದಕ್ಕೂ ಅಲ್ಲ, ಭಕ್ತಿಯಿಂದ.

“ಏನೋ ತಪ್ಪಾಗಿ ಎರಡು ಸಲ ಬರ್ದಿರ್ಬೇಕು, ಬುಡಪ್ಪ” ಅಂದರು.

ಸಹಾಯಕ ಚೀಟಿಯನ್ನು ಪಕ್ಕಕ್ಕಿಟ್ಟು ಮುಂದಿನ ಹೆಸರು ಕೂಗಿದ. ಲೋಹಿತಾ ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಲಕ್ಕಮ್ಮ ಅಯ್ಯನವರನ್ನು ನೋಡಿದಳು, ಹುಡುಗಿಯ ಕಾಲನ್ನು ನೋಡಿದಳು, ಆಮೇಲೆ ಮೊಮ್ಮಗಳ ಕೈ ಹಿಡಿದು ಬಸ್ಸಿಗೆ ಹೊತ್ತಾಯಿತು ಎಂದು ಹೊರಟಳು.

ಬಡವನಹಳ್ಳಿಗೆ ವಾಪಸ್ಸು ಹೊರಟ ಬಸ್ಸು ಊರಿಗೆ ಹತ್ತಿರವಾದಾಗ ಲೋಹಿತಾ ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು. “ಅಪ್ಪಾಜಿ, ನನ್ನ ಕಾಲು ಉಳುಕಿದ್ರೆ ಏನ್ಮಾಡ್ತಿದ್ರಿ?” ಪರ್ವತಯ್ಯನವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಟವೆಲ್ಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

ಮರುದಿನದಿಂದ ಲೋಹಿತಾ ಬಸ್ಸಿಗೂ ಹೋಗಲಿಲ್ಲ. ಚಾಪೆ ಬಿಟ್ಟು ಏಳಲಿಲ್ಲ. ಶುಕ್ರವಾರದ ಹೊತ್ತಿಗೆ ಮಜ್ಜಿಗೆ ಬಿಟ್ಟರೆ ಬೇರೇನೂ ಇಳಿಯುತ್ತಿರಲಿಲ್ಲ. ಚನ್ನಮಲ್ಲಮ್ಮ ಶಿರಾದಲ್ಲಿ ಏನಂದರು ಎಂದು ಕೇಳಿದಾಗ ಗಂಡ “ಇನ್ನೊಂದ್ಸಲ ಬರಾಕೆ ಹೇಳವ್ರೆ” ಎಂದು ಅಲ್ಲೂ ಒಂದು ಸುಳ್ಳು ಸೇರಿಸಿದರು. ಭಾನುವಾರ ಮಧ್ಯಾಹ್ನ ಹಿತ್ತಾಳೆ ತಟ್ಟೆ ಖಾಲಿಯಾಗಿತ್ತು. ನೂಲಿನ ಉಂಡೆಯನ್ನು ಪರ್ವತಯ್ಯ ತಾವೇ ತೆಗೆದುಕೊಂಡು ಕೂತರು. ತೊಡೆಯ ಮೇಲೆ ಎಷ್ಟು ಉಜ್ಜಿದರೂ ಐದೆಳೆ ಒಂದಾಗಲಿಲ್ಲ, ಹುರಿ ಬಿಚ್ಚಿ ಬಿಚ್ಚಿ ಹೋಗುತ್ತಿತ್ತು. ಒಳಗಿನಿಂದ ಮಗಳು ಹೊರಳುವ ಸದ್ದು ಬರುತ್ತಿತ್ತು. ಬಾಗಿಲವರೆಗೆ ಎರಡು ಸಲ ಹೋದರು, ಏನೆಂದು ಕರೆಯುವುದು ತಿಳಿಯದೆ ಎರಡು ಸಲವೂ ಹಿಂದಕ್ಕೆ ಬಂದರು.

ಸೋಮವಾರ ಜಗಲಿ ತುಂಬ ಜನ. ಲಕ್ಕಮ್ಮನೂ ಮೊಮ್ಮಗಳೂ ಕೊನೆಯ ಗಂಟಿಗೆ ಬಂದಿದ್ದರು. ಅಶ್ವಿನಿ ಹಳದಿ ಚೀಟಿ ಕೊಟ್ಟಳು, ಕೈ ಚಾಚಿದಳು. ಪರ್ವತಯ್ಯ ಮೂರನೇ ಗಂಟು ಬಿಚ್ಚಲು ಹೋದರೆ ಅದು ಹಿಡಿತಕ್ಕೇ ಸಿಗಲಿಲ್ಲ. ಹುಡುಗಿ ತಾನೇ ಉಗುರಿನಿಂದ ಸಡಿಲ ಮಾಡಿಕೊಟ್ಟಳು. ಎಲ್ಲರೂ ಹೋಗುವವರೆಗೆ ಲಕ್ಕಮ್ಮ ಕಂಬದ ಹತ್ತಿರ ಕೂತೇ ಇದ್ದಳು. ಮೊಮ್ಮಗಳನ್ನು ನೀರು ಕುಡಿದು ಬಾ ಎಂದು ಒಳಗೆ ಕಳಿಸಿ, ಅಯ್ಯನವರ ಹತ್ತಿರ ಸರಿದು, ತಗ್ಗಿದ ದನಿಯಲ್ಲಿ ಹೇಳಿದಳು.

“ನಮ್ಮ ಸಂಜೀವಂಗೆ ಒಬ್ಳೇ ಮಗ್ಳು, ಅಯ್ನೋರೇ.”

ಪರ್ವತಯ್ಯ ಎಲೆಅಡಿಕೆ ಚೀಲದೊಳಗೆ ಕೈ ಹಾಕಿ ಅಡಿಕೆ ಹುಡುಕಿದರು. ಸಿಕ್ಕಿದ್ದು ದಾರ.

“ನಿಮ್ಮ ಮಗೀಗೆ ನಮ್ಮೆಸ್ರು ಬೇಕಾಯ್ತಾ? ಬೇಕಾದ್ರೆ ಇಟ್ಕಳಿ, ನಾವೇನು ಬ್ಯಾಡ ಅನ್ನಲ್ಲ. ಆದ್ರೆ ಕೂ‌ಗ್ದಾಗ ಆ ಮಗಾ ಹೆಜ್ಜೆ ಇಕ್ತು, ನೀವು ತಡುದ್ರಿ. ನಾನು ಕಣ್ಣಾರೆ ಕಂಡೆ. ಆವತ್ತಿಂದ ನಂಗೆ ಅನ್ನ ಸೇರಿಲ್ಲ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ನಾನು ಯಾರ ಮುಂದೂ ಬಾಯಿ ಬಿಡಾಕಿಲ್ಲ. ನೀವು ನಂಗೆ ಏನಂದಿದ್ರಿ, ಜ್ಞಾಪಕ ಐತಾ? ಅಜ್ಜೀ, ತುದಿ ಗಟ್ಟಿಯಾಗಿ ಹಿಡ್ಕಾ, ನೀನು ಬುಟ್ರೆ ಮಗಾ ಬೀಳ್ತದೆ ಅಂದಿದ್ರಿ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಮತ್ತೆ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದಳು, ಅದನ್ನು ತಡೆದುಕೊಳ್ಳಲಾಗಲಿಲ್ಲ. ಎಪ್ಪತ್ತು ಮನೆಗಳವರ ಕೈಯಲ್ಲಿ ತುದಿ ಹಿಡಿಸಿದವನು ತನ್ನ ಮನೆಯ ತುದಿಯನ್ನು ಅಡಕತ್ತರಿಯಿಂದ ಕತ್ತರಿಸಿದೆನಲ್ಲ ಎಂದು ಪರ್ವತಯ್ಯ ಜಗಲಿಯ ಮೇಲೆ ಕೂತು ಅತ್ತರು. ಚನ್ನಮಲ್ಲಮ್ಮ ಹೊರಗೆ ಬಂದಾಗ ಗಂಡ ತಾವಾಗಿಯೇ ಎಲ್ಲವನ್ನೂ ಹೇಳಿದರು, ಅಡಕತ್ತರಿಯಿಂದ ಹಿಡಿದು ಸಂಜೀವಯ್ಯನವರೆಗೆ. ಕೇಳಿ ಮುಗಿದ ಮೇಲೆ ಆಕೆ ಅಂದದ್ದು ಒಂದೇ ಮಾತು. “ನಾಳೆ ಎಂಟು ಗಂಟೆ ಬಸ್ಸು, ತಪ್ಪಿಸ್ಬ್ಯಾಡಿ.”

ಮಂಗಳವಾರ ಬೆಳಿಗ್ಗೆ ಪರ್ವತಯ್ಯ ವಿಭೂತಿಯನ್ನು ಎಂದಿಗಿಂತ ದಪ್ಪಗೆ ಹಚ್ಚಿಕೊಂಡರು. ಲೋಹಿತಾಳನ್ನು ಎಬ್ಬಿಸಿ, “ಮಧುಗಿರಿಗೆ ಹೋಗಾನ, ಏಳಮ್ಮ” ಅಂದರು. ಅವಳು ನಂಬಲಿಲ್ಲ. “ಯಾರ ಹೆಸ್ರು ಹೇಳ್ತೀರಿ ಈ ಸಲ?” ಅಂದಳು. ಅವರು ಚಾಪೆಯ ಪಕ್ಕದಲ್ಲೇ ಕೂತು ಕಾದರು. ಕೊನೆಗೆ ಚನ್ನಮಲ್ಲಮ್ಮ ಬಂದು ತಲೆ ಬಾಚಿದ ಮೇಲೆ ಹೊರಟಳು. ಮಧುಗಿರಿಯಲ್ಲಿ ಬಸ್ಸು ಇಳಿದಾಗ ಅವಳ ಮುಖ ಬಿಳಿಚಿತು, ಉಸಿರು ಕಟ್ಟಿತು. ಸ್ಟ್ಯಾಂಡಿನ ಒಂದು ಕಲ್ಲು ಬೆಂಚು ತೋರಿಸಿ, “ಇಲ್ಲೇ ಕೂರ್ತಿದ್ದೆ” ಅಂದಳು. ಪರ್ವತಯ್ಯ ಅವಳ ಜೊತೆ ಅಲ್ಲೇ ಕೂತರು. ಇಪ್ಪತ್ತಮೂರು ದಿನ ತನ್ನ ಮಗಳು ಬುತ್ತಿ ತೊಡೆಯ ಮೇಲಿಟ್ಟುಕೊಂಡು ಒಬ್ಬಳೇ ಕೂತಿದ್ದ ಜಾಗ ಅದು. ಉಸಿರು ತಹಬಂದಿಗೆ ಬಂದ ಮೇಲೆ ನಿಧಾನಕ್ಕೆ ನಡೆದರು.

ಆಸ್ಪತ್ರೆಯ ಬೆಂಚಿನಲ್ಲಿ ಅಂದುಕೊಂಡ ಹಾಗೆಯೇ ಅವರು ಕಳಿಸಿದವರೇ ತುಂಬಿದ್ದರು. ಪಾವಗಡದ ಕಡೆಯ ನರಸಮ್ಮ ಎದ್ದು ಜಾಗ ಬಿಟ್ಟು, ತನ್ನ ತೆಲುಗು ಬೆರೆಸಿ ಕರೆದಳು. “ರಂಡಿ ಸಾಮಿ, ಬನ್ನಿ, ಕೂಕಳಿ. ನಮ್ಮನ್ನ ನೋಡಕ್ಕೆ ಬಂದ್ರಾ?”

ಅದೇ ಸುಳ್ಳು ನಾಲಗೆಯ ತುದಿಯಲ್ಲಿ ಸಿದ್ಧವಾಗಿ ಕೂತಿತ್ತು. ಪರ್ವತಯ್ಯ ಅದನ್ನು ನುಂಗಿದರು. “ಇಲ್ಲ ಕಣಮ್ಮ. ನನ್ನ ಮಗಳನ್ನ ತೋರ್ಸಕ್ಕೆ ಬಂದಿದೀನಿ. ನೀನು ಕೂತ್ಕ, ನಮ್ದು ನಿನ್ನ ಹಿಂದೆ.”

ಬೆಂಚಿನ ಮೇಲೆ ಯಾರೋ ಯಾರ ಮುಖವನ್ನೋ ನೋಡಿದರು. ಒಬ್ಬ ಹೆಂಗಸು ಮಗನ ಮಣಿಕಟ್ಟಿನ ದಾರವನ್ನು ಮುಟ್ಟಿ ನೋಡಿಕೊಂಡಳು. ಪರ್ವತಯ್ಯನವರ ಕಾಲು ಬಾಗಿಲ ಕಡೆ ಎಳೆಯಿತು. ಎದ್ದು ಹೋಗಲಿಲ್ಲ ಅನ್ನುವುದೊಂದೇ ಅವರು ಅವತ್ತು ಮಾಡಿದ ದೊಡ್ಡ ಕೆಲಸ. ನರಸಮ್ಮ ಮತ್ತೆ ಕೂತು, ಪಕ್ಕಕ್ಕೆ ಸರಿದು, ಇಬ್ಬರಿಗೂ ಜಾಗ ಮಾಡಿದಳು.

“ಲೋಹಿತಾ, ತಂದೆ ಪರ್ವತಯ್ಯ!”

“ಇದೀವಿ!” ಅಂದರು. ದನಿ ಬೇಕಾದ್ದಕ್ಕಿಂತ ಜೋರಾಯಿತು.

ಚೇತನ್ ಕುಮಾರ್ ಅವರನ್ನು ಕಂಡು ನಗುತ್ತ ಎದ್ದ, ಹಿಂದೆ ಲೋಹಿತಾಳನ್ನು ಕಂಡು ನಗು ನಿಲ್ಲಿಸಿದ. ಇಬ್ಬರನ್ನೂ ಕೂರಿಸಿ ಹಳದಿ ಚೀಟಿ ತೆಗೆದ. ಹೆಸರು ಬರೆದ, ವಯಸ್ಸು ಬರೆದ. ಕೊನೆಯಲ್ಲಿ ‘ಕಳಿಸಿದವರು’ ಎಂದೊಂದು ಸಾಲಿತ್ತು. “ಇದನ್ನ ಕೇಳೋದೇ ಬೇಡ” ಎಂದು ಅವನು ‘ಪ’ ಎಂಬ ಅಕ್ಷರ ಬರೆಯುವಷ್ಟರಲ್ಲಿ ಪರ್ವತಯ್ಯ ಅವನ ಕೈ ಹಿಡಿದರು.

“ನನ್ನ ಹೆಸ್ರು ಬರೀಬ್ಯಾಡಪ್ಪ. ನಾನು ಕಳ್ಸಿಲ್ಲ. ಇವಳೇ ಕೇಳಿದ್ಳು, ಕಾರ್ತಿಕದಾಗೆ. ಕೈ ಮುಂದೆ ಇಟ್ಕಂಡು ಕೇಳಿದ್ಳು. ನಾನು ಕತ್ತರ್ಸಿ ಹಾಕ್ದೆ.”

ಚೀಲದಿಂದ ದಾರ ತೆಗೆದು ಮೇಜಿನ ಮೇಲಿಟ್ಟರು. ಅಡಿಕೆ ಪುಡಿ ಮೆತ್ತಿಕೊಂಡಿತ್ತು. ಎರಡನೇ ಗಂಟಿಗೂ ಮೂರನೇ ಗಂಟಿಗೂ ನಡುವೆ ಅಡಕತ್ತರಿ ಕಚ್ಚಿದ ಗುರುತು, ತುದಿಗಳು ಬಿಚ್ಚಿಕೊಂಡು ಎಳೆ ಎಳೆಯಾಗಿದ್ದವು. ಲೋಹಿತಾ ದಾರವನ್ನು ನೋಡಿದಳು. ಅಪ್ಪ ಅದನ್ನು ಎಸೆದಿದ್ದಾರೆ ಎಂದೇ ಅವಳು ತಿಳಿದಿದ್ದಳು.

ಚೇತನ್ ‘ಪ’ವನ್ನು ಹೊಡೆದುಹಾಕಿ, ಲೋಹಿತಾಳನ್ನು ಕೇಳಿ, ‘ತಾನೇ ಬಂದಿದ್ದಾಳೆ’ ಎಂದು ಬರೆದ. ಮೊದಲು ಅವಳ ಜೊತೆ ಮಾತಾಡಿದ, ಪರ್ವತಯ್ಯ ಹೊರಗಿದ್ದರು. ಆಮೇಲೆ ಅವರ ಜೊತೆ ಮಾತಾಡಿದ, ಲೋಹಿತಾ ಹೊರಗಿದ್ದಳು. ಮುಂದಿನ ಮಂಗಳವಾರ ಡಾಕ್ಟರನ್ನೂ ನೋಡಿ ಎಂದು ದಿನ ಬರೆದುಕೊಟ್ಟ. ಹೊರಡುವಾಗ ಲೋಹಿತಾ ಮೇಜಿನ ಮೇಲಿನ ದಾರವನ್ನು ಎತ್ತಿಕೊಂಡಳು.

ಹೊರಗೆ ಹೊಂಗೆ ಮರದ ಕೆಳಗೆ ನಿಂತು ಅವಳು ಎಡಗೈ ಚಾಚಿದಳು. ಪರ್ವತಯ್ಯ ಬಿಚ್ಚಿಹೋದ ಎಳೆಗಳನ್ನು ಬೆರಳಿನಿಂದ ಹುರಿ ಮಾಡಿದರು. ಕತ್ತರಿಸಿದ್ದನ್ನು ಸೇರಿಸಬೇಕಲ್ಲ, ಅಲ್ಲೊಂದು ಗಂಟು ಬಿತ್ತು. ಉಳಿದ ಮೂರಕ್ಕಿಂತ ದಪ್ಪ, ನೋಡಲು ವಿಕಾರ.

“ನಾಕಾಯ್ತು” ಅಂದಳು ಲೋಹಿತಾ.

“ನಾಕನೇದು ನಂದು ಕಣಮ್ಮ. ಅದುನ್ನ ನಾನು ಬಿಚ್ಚಂಗಿಲ್ಲ. ನಿಂಗೆ ಯಾವಾಗ ಮನಸ್ಸು ಬತ್ತದೋ ಆವಾಗ ನೀನೇ ಬಿಚ್ಚು.”

ಅವಳು ಆ ಗಂಟನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದಳು. ಗಟ್ಟಿಯಾಗಿತ್ತು.

“ನೋಡಾನ, ಅಪ್ಪಾಜಿ” ಅಂದಳು. ತೋಳನ್ನು ಕೆಳಗೆ ಎಳೆದುಕೊಳ್ಳದೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು, ಅಪ್ಪ ಅವಳ ಹಿಂದೆ ನಡೆದರು.